ತುಕ್ಕು ತಿಂದ ಕೊಳವೆ, ಪಾವಗಡದ ದಾರಿ

ಪರದೇಶ ಸುತ್ತಿ ಬಂದವರು ಬರೆದದ್ದನ್ನು ನಾನು ಆಸೆಪಟ್ಟು ಓದುತ್ತೇನೆ. ಹಡಗಿನಲ್ಲಿ ತಲೆ ತಿರುಗಿದ್ದು, ಹಿಮದಲ್ಲಿ ಕಾಲು ಜಾರಿದ್ದು, ಗೊತ್ತಿಲ್ಲದ ಊಟ ಉಂಡು ಪೇಚಾಡಿದ್ದು. ಓದುತ್ತಾ ಓದುತ್ತಾ ನನಗೂ ನನ್ನ ಪರದೇಶ ಪ್ರವಾಸ ನೆನಪಾಗುತ್ತದೆ. ನಾನು ಹಡಗು ಹತ್ತಿದವಳಲ್ಲ. ಮಹಾರಾಜರ ಸೀಮೆಯ ಕೊರಟಗೆರೆಯಿಂದ ಹೊರಟು, ಇಂಗ್ಲಿಷರ ಮದರಾಸು ಸೀಮೆ ದಾಟಿ, ಮತ್ತೆ ಮಹಾರಾಜರದೇ ಆದ ಪಾವಗಡ ಸೇರಿದವಳು. ನಗಬೇಡಿ. ಆಗ ಅದು ಬೇರೆ ಸರ್ಕಾರದ ನೆಲವೇ. ಪಾವಗಡ ನಮ್ಮದೇ ತಾಲ್ಲೂಕಾದರೂ ಅಲ್ಲಿಗೆ ಹೋಗಬೇಕಾದರೆ ಪಕ್ಕದ ಮನೆಯವರ ಹೊಲ ದಾಟಿಕೊಂಡೇ ಹೋಗಬೇಕು.

ಕೊರಟಗೆರೆ

ನಮ್ಮ ಜಾನಕ್ಕನನ್ನು ಪಾವಗಡಕ್ಕೆ ಕೊಟ್ಟಿತ್ತು. ಮದುವೆಯಾದ ಮೇಲೆ ಎರಡು ಸಲ ಬಸುರಾದಳು. ಎರಡು ಸಲವೂ ದಿನ ತುಂಬುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಸುಮ್ಮನಾಯಿತು. ಮೂರನೆಯ ಬಸುರಿನಲ್ಲಿ ಅವಳು ಪಾವಗಡದಿಂದ ಬರುವ ಕಡಲೆಕಾಯಿ ವ್ಯಾಪಾರಿಯ ಬಾಯಲ್ಲಿ ಹೇಳಿ ಕಳಿಸಿದಳು: "ಈ ಸಲ ಅವ್ವನ ಹತ್ರಾನೇ ಹೆರ್ತೀನಿ. ಹೆಂಗಾದ್ರೂ ಮಾಡಿ ಕರ್ಕೊಂಡ್ ಹೋಗಿ."

ಅವಳ ಅತ್ತೆ ಓಬಳಮ್ಮನವರು ಮಾತ್ರ ಬಿಗಿಯಾಗಿದ್ದರು. ಹಿಂದಿನ ಸಲ ಎತ್ತಿನ ಗಾಡಿಯಲ್ಲಿ ಹೊರಟು, ಕುಲುಕಾಟಕ್ಕೆ ಅಕ್ಕ ಅರ್ಧ ದಾರಿಯಲ್ಲೇ ಸೋತು ವಾಪಸಾಗಿದ್ದಳು. ಗಾಡಿ ಕಟ್ಟಿಕೊಂಡು ಯಾರೂ ಬರುವುದು ಬೇಡ, ಬಂದರೂ ಕಳಿಸುವುದಿಲ್ಲ ಅಂತ ಅವರು ಖಡಾಖಂಡಿತ ಹೇಳಿದ್ದರು.

ನಮ್ಮ ಅಣ್ಣಯ್ಯ ಹನುಮ, ಅಕ್ಕನಿಗಿಂತ ಚಿಕ್ಕವನು, ನನಗಿಂತ ದೊಡ್ಡವನು, ತುಮಕೂರಿನ ಬಸ್ಸಿನಲ್ಲಿ ಡ್ರೈವರಾಗಿದ್ದ. ಆ ಮಾತು ಕೇಳಿದ ಮೇಲೆ ಅವನು ಊರಿಗೆ ಬರುವಾಗ ಒಂದು ಮೋಟಾರ್ ಸೈಕಲ್ ತಂದ, ಪಕ್ಕಕ್ಕೆ ತೊಟ್ಟಿ ಸೇರಿಸಿದ್ದು. ಸೈಡ್‌ಕಾರು ಅನ್ನುವ ಮಾತು ನಮಗೆ ಗೊತ್ತಿರಲಿಲ್ಲ, ಊರೆಲ್ಲ ತೊಟ್ಟಿ ಅಂತಲೇ ಕರೆಯಿತು. ಅದು ಮದರಾಸಿನಲ್ಲಿ ಯಾವನೋ ದೊರೆ ಓಡಿಸಿದ ಗಾಡಿ. ಕಡಲ ಗಾಳಿಯ ಉಪ್ಪು ಅದರ ಮೈಯನ್ನು ಅಲ್ಲಲ್ಲಿ ತಿಂದು ಹಾಕಿತ್ತು. ಮಾರಿದವನು ಮೇಲೆ ಕರಿ ಬಣ್ಣ ಬಳಿದು ಮುಚ್ಚಿದ್ದ.

ಎಂಜಿನ್ನಿನಿಂದ ಎರಡು ಹೊಗೆಕೊಳವೆ ಹೊರಡುತ್ತಿದ್ದವು, ಆಚೆಗೊಂದು, ಈಚೆಗೊಂದು. ಎಡಗಡೆಯದು ಎಂಜಿನ್ನಿಗೂ ತೊಟ್ಟಿಗೂ ನಡುವೆ ಹಾದು, ಹಿಂದೆ ಸೈಲೆನ್ಸರಿಗೆ ಸೇರುತ್ತಿತ್ತು. ಅದೇ ಅತಿ ಹೆಚ್ಚು ತುಕ್ಕು ತಿಂದದ್ದು.

ಅಕ್ಕನ ಜೊತೆಗೆ ಹೆಣ್ಣೊಂದು ಇರಲಿ ಅಂತ ಅವ್ವ ನನ್ನನ್ನೂ ಕಳಿಸಿದಳು. ತೊಟ್ಟಿಯಲ್ಲಿ ದಿಂಬು ಹಾಕಿ, ನನ್ನ ಕಾಲ ಬಳಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಇಟ್ಟಳು. "ಬಿಗಿಯಾಗ್ ಹಿಡ್ಕಂಡ್ ಕೂತ್ಕಾ ಕಣಮ್ಮಿ," ಅಂದಳು. ಬೀದಿಯ ನಾಯಿಗಳೆಲ್ಲ ಕೆರೆ ಏರಿಯವರೆಗೆ ನಮ್ಮನ್ನು ಬೀಳ್ಕೊಟ್ಟವು.

ಮಧುಗಿರಿ

ಮಧುಗಿರಿ ಬೆಟ್ಟ ದೂರದಿಂದಲೇ ಕಾಣುತ್ತದೆ. ಊರು ಅದರ ಕಾಲ ಬುಡದಲ್ಲಿ ಕೂತಿದೆ. ಬೆಟ್ಟದ ನೆರಳಿಗೆ ಬರುವ ಹೊತ್ತಿಗೆ ನಮ್ಮ ಗಾಡಿಯ ಸದ್ದು ಬದಲಾಯಿತು. ಗುಡುಗುಡು ಹೋಗಿ ಫಟಫಟ ಆಯಿತು, ಬಂಡೆಗೆ ಬಡಿದು ಇಮ್ಮಡಿಯಾಗಿ ವಾಪಸು ಬಂತು. ಬಂದೂಕು ಹಾರಿಸುತ್ತಾ ಬಂದವರನ್ನು ನೋಡುವಂತೆ ಜನ ಬಾಗಿಲಿಗೆ ಬಂದರು.

ಅಣ್ಣಯ್ಯ ಇಳಿದು ಬಗ್ಗಿ ನೋಡಿದ. ಎಡಗಡೆಯ ಕೊಳವೆಯಲ್ಲಿ ತೂತು ಬಿದ್ದಿತ್ತು. ಕರಿ ಬಣ್ಣದ ಹೆಕ್ಕಳೆಯನ್ನು ಉಗುರಿನಿಂದ ಕೆರೆದರೆ ಒಳಗಿನ ಕಬ್ಬಿಣ ಹುರಿದ ಹಪ್ಪಳದ ಹಾಗೆ ಮುರಿಯಿತು.

"ಬಣ್ಣ ಬಳ್ದು ಕೊಟ್ಟವ್ನೆ ನನ್ಮಗ," ಅಂದ.

ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಇದ್ದ. ಅವನು ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಕೊಳವೆಗೆ ಸುತ್ತಿ, ಸೀಸ ಕರಗಿಸಿ ಬೆಸುಗೆ ಹಾಕಿದ. ನೋಡಲು ಬೆಳ್ಳಿಯ ಬಳೆ ತೊಡಿಸಿದ ಹಾಗಿತ್ತು. ಎಂಜಿನ್ನಿನ ಬಿಸಿಗೆ ಸೀಸ ನಿಲ್ಲುವುದು ಅನುಮಾನ ಅಂತ ಅಣ್ಣಯ್ಯನಿಗೆ ಗೊತ್ತಿತ್ತು. ಆದರೂ ಪಾವಗಡದವರೆಗೆ ಎಳೆದರೆ ಸಾಕು, ಆಮೇಲೆ ನೋಡಿಕೊಳ್ಳೋಣ ಎಂಬ ಆಸೆ.

ನೇರ ದಾರಿ ಮಿಡಿಗೇಶಿಯ ಮೇಲೆ. ಆ ದಾರಿಯ ಹಳ್ಳದಲ್ಲಿ ಮಳೆನೀರು ಇನ್ನೂ ಇಳಿದಿಲ್ಲ, ತೊಟ್ಟಿಯ ಗಾಡಿ ದಾಟದು ಅಂತ ಬಸ್ಸಿನವರು ಹೇಳಿದರು. ಹಾಗಾಗಿ ಬಡವನಹಳ್ಳಿ ಹಾದು ಸಿರಾಕ್ಕೆ, ಅಲ್ಲಿಂದ ಗಡಿ ದಾಟುವುದು ಅಂತ ಸುತ್ತು ಹಾದಿ ಹಿಡಿದೆವು.

ಬಡವನಹಳ್ಳಿ

ಬಡವನಹಳ್ಳಿ ಹತ್ತಿರವಾಗುವಾಗ ನನಗೆ ಹಿತವಾದ ನಿದ್ದೆ ಬರುತ್ತಿದೆ ಅನ್ನಿಸಿತು. ತಲೆ ಭಾರ. ಕಣ್ಣ ಮುಂದೆ ಹುಣಸೆ ಮರಗಳು ನೀರಿನಲ್ಲಿ ಕಂಡಂತೆ ಅಲುಗಾಡುತ್ತಿದ್ದವು. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ನಾನು ಮರದ ಕೆಳಗೆ ಕಂಬಳಿಯ ಮೇಲೆ ಮಲಗಿದ್ದೆ. ಸುತ್ತ ಕುರಿ. ಕುರಿ ಕಾಯುವ ಹೆಂಗಸೊಬ್ಬಳು ಒಡೆದ ಈರುಳ್ಳಿಯನ್ನು ನನ್ನ ಮೂಗಿಗೆ ಹಿಡಿದಿದ್ದಳು.

"ಕಣ್ ಬುಟ್ಲು ಕಣಪ್ಪೋ, ಕಣ್ ಬುಟ್ಲು," ಅಂತ ಕೂಗಿದಳು.

ಅಣ್ಣಯ್ಯ ಓಡಿ ಬಂದ. ಅವನ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು. ಸೀಸ ಕರಗಿ ಬೆಳ್ಳಿಯ ಬಳೆ ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಕೊಳವೆಯ ಹೊಗೆಯೆಲ್ಲ ನೇರವಾಗಿ ತೊಟ್ಟಿಯೊಳಗೆ ತುಂಬಿತ್ತು. ಗಾಡಿ ಓಡಿಸುವವನಿಗೆ ಗಾಳಿ ಬಡಿಯುತ್ತದೆ, ತಗ್ಗಿನಲ್ಲಿ ಕೂತವಳಿಗೆ ಹೊಗೆ.

ಆ ಹೆಂಗಸು ಮಜ್ಜಿಗೆ ಕುಡಿಸಿದಳು. ನಾನು ವಾಂತಿ ಮಾಡಿಕೊಂಡೆ, ಮತ್ತೆ ಕುಡಿಸಿದಳು. ಅಣ್ಣಯ್ಯ ಗಾಡಿಗೆ ಬೆನ್ನು ಹಾಕಿ ಕೂತಿದ್ದ.

"ಇದ್ರಾಗೆ ಜಾನಕ್ಕ ಕೂತಿದ್ದಿದ್ರೆ..." ಅಂದ. ಕಲ್ಲೊಂದನ್ನು ಎತ್ತಿ ದೂರ ಎಸೆದು, "ವಾಪಸ್ ಹೋಗಾನ ಕಣಮ್ಮಿ. ನಾನು ತೆಪ್ಪು ಲೆಕ್ಕ ಹಾಕ್ಬುಟ್ಟೆ," ಅಂದ.

ನನಗೆ ತಲೆ ಸಿಡಿಯುತ್ತಿತ್ತು, ಆದರೆ ಅಕ್ಕ ಬಾಗಿಲಲ್ಲಿ ಕೂತು ದಾರಿ ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. "ಕೊಳವೆ ಸರಿ ಮಾಡ್ಸು. ಸರಿಯಾಗದಿದ್ರೆ ಆಗ ಹೋಗಾನ," ಅಂದೆ.

ನಮ್ಮ ಮಾತು ಕೇಳುತ್ತಿದ್ದ ಕುರಿಯ ಹೆಂಗಸು ಕೇಳಿದಳು: "ಕೊಳವೆ ಅಂದ್ರೆ ಬ್ಯಾಂಡಿನೋರ ತುತ್ತೂರಿ ತರದ್ದಾ? ಸಿರಾದಾಗೆ ಒಬ್ಬ ಸಾಬ್ರವ್ರೆ. ನಮ್ಮಣ್ಣನ ಮದ್ವೇಲಿ ಬಾರ್ಸಕ್ ಬಂದೋರು. ಎತ್ತು ತುಳ್ದು ಅಪ್ಪಚ್ಚಿಯಾದ ತುತ್ತೂರೀನ ಅಲ್ಲೇ ಕೂತು ನೆಟ್ಟಗ್ ಮಾಡಿದ್ರು ಕಣವ್ವ."

ಅಣ್ಣಯ್ಯ ಅವಳನ್ನು ನೋಡಿ ಮೊದಲ ಸಲ ನಕ್ಕ. ಗಾಡಿಯನ್ನು ಸಿರಾದವರೆಗೆ ಎಳೆದದ್ದು ಎತ್ತು. ನಾನು ಬೇರೆ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಹೋದೆ.

ಸಿರಾ

ಖಾದರ್ ಸಾಹೇಬರು ಮದುವೆ ಬ್ಯಾಂಡಿನ ಯಜಮಾನರು. ಗಡ್ಡಕ್ಕೆ ಮದರಂಗಿ, ಮನೆಯಲ್ಲೂ ಬ್ಯಾಂಡಿನ ಕೆಂಪು ಕೋಟು. ಅಂಗಳದ ಕುಲುಮೆಯ ಪಕ್ಕದಲ್ಲಿ ಹಿತ್ತಾಳೆಯ ಕೊಂಬುಗಳು, ಒಡೆದ ತಮಟೆಗಳು ರಾಶಿ ಬಿದ್ದಿದ್ದವು. ಗಾಡಿಯನ್ನು ನೋಡಿ ಅವರು ಕೈ ಬೀಸಿದರು.

"ಅರೆ ಭಾಯಿ, ಇದೇನ್ ಮಹಾ! ಬಾಯಿಂದ ಊದಿದ್ರೆ ಬಾಜಾ, ಎಂಜಿನ್ ಊದಿದ್ರೆ ಸೈಲೆನ್ಸರ್. ಎರಡೂ ಒಂದೇ."

ಹೇಳಿದಷ್ಟು ಸುಲಭವಾಗಲಿಲ್ಲ. ಕೊಳವೆ ಸರಿಮಾಡಲು ಮೊದಲು ಬಿಚ್ಚಬೇಕು. ಅದನ್ನು ಎಂಜಿನ್ನಿನ ತಲೆಗೆ ಹಿಡಿದಿದ್ದದ್ದು ಒಂದು ದಪ್ಪ ನಟ್ಟು, ಸುತ್ತ ಸಣ್ಣ ರೆಕ್ಕೆಗಳಿರುವಂಥದ್ದು. ಅದು ತುಕ್ಕಿನಲ್ಲಿ ಎಂಜಿನ್ನಿನ ಜೊತೆ ಒಂದೇ ಮೈಯಾಗಿತ್ತು. ಖಾದರ್ ಸಾಹೇಬರು "ಬಿಸ್ಮಿಲ್ಲಾ" ಅಂತ ಸುತ್ತಿಗೆ ಬೀಸಿದರು. ಒಂದು ರೆಕ್ಕೆ ಮುರಿದು ಹಾರಿ ಕೋಳಿಗೂಡಿಗೆ ಬಡಿಯಿತು. ನಟ್ಟು ಅಲುಗಲಿಲ್ಲ.

ಅಣ್ಣಯ್ಯ ಕಿರುಚಿದ: "ನಿಲ್ಲಿ ಸಾಬ್ರೇ! ಇದರ ತಲೆ ಎರಕದ ಕಬ್ಣ. ಬಿರುಕು ಬುಟ್ರೆ ನಾವಿಬ್ರೂ ಕೂತು ಅಳಬೇಕಾಯ್ತದೆ."

ಇಬ್ಬರೂ ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡು ಕೂತರು. ಒಳಗಿನಿಂದ ಸಾಹೇಬರ ಹೆಂಡತಿ ಚಹಾ ಕಳಿಸಿದರು. ಚಹಾ ಮುಗಿಯುವುದರೊಳಗೆ ಸಿಟ್ಟೂ ಇಳಿದಿತ್ತು.

ಆಮೇಲೆ ಅಣ್ಣಯ್ಯ ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರದ ಗೋಡೆಯ ಹತ್ತಿರ ಇಟ್ಟ. ನಟ್ಟಿನ ಸುತ್ತ ಸೀಮೆಎಣ್ಣೆ ಇಳಿಬಿಟ್ಟು, ಅದು ಒಳಗೆ ಇಂಗುವವರೆಗೆ ಕಾದ. ಒದ್ದೆಯೆಲ್ಲ ಒರೆಸಿದ ಮೇಲೆ ಖಾದರ್ ಸಾಹೇಬರು ದಪ್ಪ ಕಬ್ಬಿಣದ ಸಲಾಕಿಯನ್ನು ಬಾಗಿಸಿ, ಕೆಂಪಗೆ ಕಾಯಿಸಿ, ನಟ್ಟಿನ ಕೊರಳಿಗೆ ಹೂವಿನ ಹಾರ ಹಾಕಿದ ಹಾಗೆ ಇಟ್ಟರು. ನಟ್ಟು ಬಿಸಿಯಾಗಿ ಹಿಗ್ಗಬೇಕು, ಎಂಜಿನ್ ತಣ್ಣಗಿರಬೇಕು. ಅಣ್ಣಯ್ಯ ಮರದ ತುಂಡು ಆನಿಸಿ ಮೆಲ್ಲಗೆ ತಟ್ಟಿದ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ.

"ಉಲ್ಟಾ ಹೊಡೀತಾ ಇದೀಯಲ್ಲೋ!" ಅಂದರು ಸಾಹೇಬರು.

"ಮೊದ್ಲು ಒಂದ್ ಕೂದ್ಲೆಳೆ ಬಿಗಿ ಮಾಡಿದ್ರೆ ತುಕ್ಕು ಒಡೀತದೆ. ಆಮೇಲೆ ಬಿಚ್ಚಾನ."

ಕಿರ್ರ್ ಅಂತ ಒಂದು ಸದ್ದು ಬಂತು. ನನ್ನ ಹಲ್ಲು ಜುಂ ಅಂದಿತು. ನಟ್ಟು ಸುತ್ತಿತು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ನಾನು ಕಂಡೆ, ಒಬ್ಬರ ಮಸಿ ಇನ್ನೊಬ್ಬರ ಕೆಂಪು ಕೋಟಿಗೆ.

ಕೊಳವೆ ಕೈಗೆ ಬಂದಾಗ ಅರ್ಧ ಪುಡಿಯಾಗಿತ್ತು. ಸೈಲೆನ್ಸರಿನ ಹೊಟ್ಟೆಯನ್ನು ಬೋರಲು ಹಾಕಿದರೆ ತುಕ್ಕಿನ ಹೆಕ್ಕಳೆ ರಾಗಿ ಹೊಟ್ಟಿನ ಹಾಗೆ ಸುರಿಯಿತು. ಇಲ್ಲಿಂದ ಮುಂದೆ ಖಾದರ್ ಸಾಹೇಬರ ಕೆಲಸ. ಹಳೆಯ ಪೀಪಾಯಿಯ ತಗಡು ಕತ್ತರಿಸಿ ಕೊಳವೆಯಾಗಿ ಸುತ್ತಿದರು. ಬಾಗಿಸುವಾಗ ಒಳಗೆ ಮರಳು ತುಂಬಿ, ಎರಡು ಬಾಯಿಗೂ ಬೆಣೆ ಬಡಿದರು. ಮರಳಿದ್ದರೆ ಕೊಳವೆ ಬಾಗುತ್ತದೆ, ಚಪ್ಪಟೆಯಾಗುವುದಿಲ್ಲ. ಸಂದುಗಳಿಗೆ ಅರದಿಂದ ಉಜ್ಜಿದ ಹಿತ್ತಾಳೆಯ ಪುಡಿ, ಬಿಳಿಗಾರ ಸೇರಿಸಿ ಕುಲುಮೆಯಲ್ಲಿ ಕಾಯಿಸಿದರು. ಹಿತ್ತಾಳೆ ಕರಗಿ ಸಂದಿನೊಳಗೆ ಹರಿಯುವಾಗ ಜೇನಿನ ಬಣ್ಣ.

ಆರಿದ ಮೇಲೆ ಒಂದು ತುದಿಗೆ ಜೇಡಿಮಣ್ಣು ಮೆತ್ತಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿದರು. ನಡುವಿನ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು.

"ಇಷ್ಟೇ ತಾನೆ? ಮಸಿ ಕೂತು ತಾನೇ ಮುಚ್ಕೊಳ್ತದೆ, ಫಿಕರ್ ಬೇಡ," ಅಂದರು.

ಅಲ್ಲಿಯವರೆಗೆ ನಾವು ಎಲ್ಲಿಗೆ, ಯಾಕೆ ಹೊರಟಿದ್ದೇವೆ ಅಂತ ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ನಾನು ಬಾಗಿಲ ಮರೆಯಿಂದಲೇ ಹೇಳಿದೆ: "ಅದರ ಪಕ್ಕದಲ್ಲಿ ನಮ್ಮಕ್ಕ ಕೂರಬೇಕು. ತುಂಬಿದ ಬಸುರಿ. ಹಿಂದೆ ಎರಡು ಮಕ್ಕಳು ಹೋಗ್ಬುಟ್ಟವೆ."

ಸಾಹೇಬರು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಇಕ್ಕಳದಲ್ಲಿ ಹಿಡಿದು ಮತ್ತೆ ಬೆಂಕಿಗೆ ಹಾಕಿ, ತಾವೇ ಕೂಡಿಸಿದ ಸಂದನ್ನು ಬಿಚ್ಚಿಬಿಟ್ಟರು. ಕೆಂಪು ಕೋಟು ತೆಗೆದು ಗೂಟಕ್ಕೆ ನೇತುಹಾಕಿದರು.

"ಮೊದಲೇ ಹೇಳಬಾರದಾ ಬೇಟಿ," ಅಂದರು.

ಆ ರಾತ್ರಿ ನಾನು ಅವರ ಮನೆಯ ಹೆಂಗಸರ ನಡುವೆ ಮಲಗಿದೆ. ಖರ್ಜೂರ, ಬಾಳೆಹಣ್ಣು ಕೊಟ್ಟರು. ಅವರ ಉರ್ದು ನನಗೆ ಅರ್ಧ, ನನ್ನ ಕನ್ನಡ ಅವರಿಗೆ ಅರ್ಧ. ಅಕ್ಕನ ಸುದ್ದಿ ಮಾತ್ರ ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಬೆಳಗ್ಗೆ ಕೊಳವೆಯನ್ನು ಮತ್ತೆ ನೀರಿಗೆ ಹಾಕಿ ಊದಿದರು. ಒಂದು ಗುಳ್ಳೆಯೂ ಏಳಲಿಲ್ಲ. ಸಾಹೇಬರು ಜೇಡಿಮಣ್ಣು ಕಿತ್ತು, ತುಟಿಗೆ ಇಟ್ಟು, ಕೊಳವೆಯಿಂದಲೇ ಒಂದು ಉದ್ದನೆಯ ಸ್ವರ ಹೊರಡಿಸಿದರು. ಓಣಿಯವರೆಲ್ಲ ಯಾರದು ಮದುವೆ ಅಂತ ಬಂದರು.

ಅಗಳಿ, ಮಡಕಶಿರಾ

ಗಡಿಯಲ್ಲಿ ಒಂದು ಕಲ್ಲು ನಿಂತಿತ್ತು, ಅಷ್ಟೆ. ಪರದೇಶ ಬಂತು ಅಂತ ನಾನು ಸೆರಗು ಸರಿಮಾಡಿಕೊಂಡೆ. ಏನೂ ಬದಲಾಗಲಿಲ್ಲ. ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ ಹೊಲ, ಬೇಲಿಯಲ್ಲಿ ಅದೇ ಸೀತಾಫಲ. ಆದರೆ ಅಗಳಿಯಲ್ಲಿ ನೀರು ಕೇಳಿದಾಗ ಚೊಂಬಿನ ಜೊತೆ ಬೆಲ್ಲದ ಬದಲು ಹುರಿಗಡಲೆ ಕೊಟ್ಟರು. ಇದು ಬೇರೆ ಸರ್ಕಾರದ ಪದ್ಧತಿ ಇರಬೇಕು ಅಂದುಕೊಂಡೆ.

ಕಟ್ಟೆಯ ಮೇಲಿದ್ದ ಮುದುಕರೊಬ್ಬರು ವಿಚಾರಿಸಿದರು. "ಮಾರಾಜ್ರ ಸೀಮೆಯೋರಾ? ನಿಮ್ ಮಾರಾಜ್ರನ್ನ ನೋಡಿದೀಯೇನಮ್ಮ?"

"ಇಲ್ಲ ತಾತ. ನೀವು ನಿಮ್ಮ ಇಂಗ್ಲಿಷ್ ರಾಜರನ್ನ?"

"ನಾನೆಲ್ಲಿ ನೋಡ್ಲಿ! ನಮ್ ತಾಸೀಲ್ದಾರನೇ ಮುಖ ತೋರ್ಸಲ್ಲ." ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ಮಡಕಶಿರಾ ಹತ್ತಿರವಾದಂತೆ ಅಂಗಡಿಗಳ ಹಲಗೆ ತೆಲುಗಾಯಿತು. ಅಕ್ಷರಗಳು ನಮ್ಮವೇ ತಲೆಕಟ್ಟು ಬದಲಿಸಿಕೊಂಡು ನಿಂತ ಹಾಗೆ ಕಂಡವು. ಗಾಡಿ ಈಗ ಬೇರೆ ದನಿಯಲ್ಲಿ ಓಡುತ್ತಿತ್ತು, ಫಟಫಟ ಹೋಗಿ, ಬೆಕ್ಕು ಗುರುಗುಟ್ಟುವ ಹಾಗೆ. ನಾನು ಆಗಾಗ ತೊಟ್ಟಿಯೊಳಗೆ ಬಗ್ಗಿ ಮೂಸುತ್ತಿದ್ದೆ. ಅವ್ವನ ಹುಚ್ಚೆಳ್ಳು ಚಟ್ನಿಯ ವಾಸನೆ ಬಿಟ್ಟರೆ ಬೇರೇನಿರಲಿಲ್ಲ.

ಪಾವಗಡ

ಅಕ್ಕ ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಓಬಳಮ್ಮನವರು ಅವಳನ್ನು ದಾಟಿ ಬೀದಿಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

"ಏಮಪ್ಪಾ, ಈ ಯಂತ್ರದಾಗೆ ನನ್ ಸೊಸೇನ ಕೂರಿಸ್ತೀಯಾ? ಕಡುಪುತೋ ಇರೋಳು ಅವ್ಳು, ಬಸುರಿ. ಹೊಗೆ ಕುಡ್ಸಿ ಕೊಲ್ಲಾಕಾ?"

ಅಣ್ಣಯ್ಯ ಕೊಳವೆ ಹೊಸದು ಅಂತ ಹೇಳಿದ. ನೀರಲ್ಲಿ ಮುಳುಗಿಸಿ ನೋಡಿದ್ದನ್ನೂ ಹೇಳಿದ. ಬಡವನಹಳ್ಳಿಯದನ್ನು ನಾನೇ ಹೇಳಿದೆ, ಮುಚ್ಚಿಡಲು ಮನಸ್ಸು ಬರಲಿಲ್ಲ. ಓಬಳಮ್ಮನವರ ಹುಬ್ಬು ಗಂಟಾಯಿತು. ಎಲ್ಲ ಮುಗಿಯಿತು ಅಂದುಕೊಂಡೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅಂಗಾದ್ರೆ ಮೊದ್ಲು ನೇನು ಕೂರ್ತೀನಿ. ನಾನು ಸತ್ರೆ ಅವ್ಳು ಬರಲ್ಲ. ನಡಿ."

ಬಾವ ಬೇಡವೆಂದರು, ನೆರೆಯವರು ಬೇಡವೆಂದರು. ಆಕೆ ತೊಟ್ಟಿಯಲ್ಲಿ ಕೂತು, ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿದರು. ಗಾಡಿ ಬೆಟ್ಟದ ಬುಡದ ದಾರಿ ಹಿಡಿದು ಮರೆಯಾಯಿತು. ನಾವು ಬೀದಿಯಲ್ಲಿ ಕಾದೆವು. ಅಕ್ಕ ನನ್ನ ಕೈ ಬಿಡಲಿಲ್ಲ. ಬಹಳ ಹೊತ್ತಾಯಿತು. ಒಂದು ಸುತ್ತು ಹಾಕಲು ಇಷ್ಟು ಹೊತ್ತು ಬೇಡ ಅಂತ ಬಾವ ಚಡಪಡಿಸತೊಡಗಿದರು.

ಕೊನೆಗೆ ಗುರುಗುಟ್ಟುವ ಸದ್ದು ಕೇಳಿತು. ಓಬಳಮ್ಮನವರ ಕೂದಲು ಬಿಚ್ಚಿ ಹಾರುತ್ತಿತ್ತು, ಕುಂಕುಮ ಹಣೆಯ ತುಂಬ ಹರಡಿತ್ತು. ಇಳಿದವರೇ ಸೆರಗಿನಿಂದ ಮುಖ ಒರೆಸಿಕೊಂಡರು.

"ಎರಡನೇ ಸುತ್ತು ನಾನೇ ಹಾಕ್ಸಿದ್ದು," ಅಂದರು ಗಂಭೀರವಾಗಿ. "ಸರಿಗಾ ಚೂಡ್ಬೇಕಲ್ಲ, ಸರಿಯಾಗ್ ನೋಡ್ಬೇಕಲ್ಲ."

ಆಮೇಲೆ ಸೊಸೆಯ ತಲೆ ಸವರಿದರು. "ವೆಳ್ಳು ತಲ್ಲಿ, ನಮ್ಮವ್ವ. ಹೋಗಿ ಬಾ. ಕೈ ತುಂಬಾ ಎತ್ಕೊಂಡ್ ಬಾ."

ಮಿಡಿಗೇಶಿ

ವಾಪಸು ಬರುವಾಗ ಹಳ್ಳದ ನೀರು ಇಳಿದಿತ್ತು, ಹಾಗಾಗಿ ಮಿಡಿಗೇಶಿಯ ದಾರಿ. ಅಕ್ಕ ತೊಟ್ಟಿಯಲ್ಲಿ, ನಾನು ಅಣ್ಣಯ್ಯನ ಬೆನ್ನ ಹಿಂದೆ. ಅವನು ನಡೆಯುವವರಷ್ಟೇ ನಿಧಾನವಾಗಿ ಓಡಿಸುತ್ತಿದ್ದ. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿ ಹೋದ.

ಮಿಡಿಗೇಶಿಯ ಕೋಟೆ ಬೆಟ್ಟ ಕಂಡಾಗ ಅಕ್ಕ ನನ್ನ ಸೀರೆ ಜಗ್ಗಿದಳು. ನಾನು ಅವಳ ಕಡೆ ಬಗ್ಗಿದೆ.

"ನಿಲ್ಸಕ್ ಹೇಳೇ. ಅಲ್ಲಾಡ್ತಾ ಇಲ್ಲ ಕಣೆ. ಪಾವಗಡ ಬುಟ್ಟಾಗಿಂದ ಅಲ್ಲಾಡೇ ಇಲ್ಲ."

ಅಣ್ಣಯ್ಯ ಹುಣಸೆ ಮರದ ಕೆಳಗೆ ನಿಲ್ಲಿಸಿದ. ಎಂಜಿನ್ ಓಡುತ್ತಿರುವಾಗಲೇ ನೆಲಕ್ಕೆ ಮಲಗಿ, ಒಂದೊಂದು ಸಂದಿನ ಹತ್ತಿರವೂ ಮೂಗು ಹಿಡಿದ. ಬೆರಳು ಸುಟ್ಟುಕೊಂಡು ಮುಟ್ಟಿ ನೋಡಿದ. ಹೊಗೆ ಎಲ್ಲೂ ಸೋರುತ್ತಿರಲಿಲ್ಲ. ಎದ್ದು ಎಂಜಿನ್ ಆರಿಸಿದ.

ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ನಿಂತು ಎಲ್ಲ ಕಡೆ ಮೌನ ಬಿತ್ತು. ಬಿಸಿ ಕೊಳವೆ ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದ್ದಳು. ಹಿಂದಿನ ಎರಡು ಸಲವೂ ಹೀಗೆಯೇ, ಮೊದಲು ಅಲುಗಾಟ ನಿಂತದ್ದು. ಅದು ನಮಗೆ ಮೂವರಿಗೂ ಗೊತ್ತಿತ್ತು. ಅಣ್ಣಯ್ಯ ಬೆಟ್ಟದ ಕಡೆ ಮುಖ ಮಾಡಿ ನಿಂತ. ಅವನ ಕೈತುಂಬ ಮಸಿ ಮೆತ್ತಿತ್ತು.

ಅಕ್ಕ ಥಟ್ಟನೆ ಕಣ್ಣು ಬಿಟ್ಟಳು. ನನ್ನ ಕೈ ಎಳೆದು ಹೊಟ್ಟೆಗೆ ಒತ್ತಿಕೊಂಡಳು. ನನ್ನ ಅಂಗೈಗೆ ಒಳಗಿನಿಂದ ಒಂದು ಒದೆತ ಬಿತ್ತು. ಮತ್ತೊಂದು. ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟು ಮಾಡಿಕೊಂಡವರ ಒದೆತ.

"ಲೇ ಹನುಮ, ಬಾರೋ ಇಲ್ಲಿ," ಅಂದಳು. ಅವನು ಕೈ ಕೊಳಕು ಅಂತ ಹಿಂಜರಿದ. ಅಕ್ಕ ಆ ಕೈಯನ್ನೇ ಹಿಡಿದು ಇಟ್ಟುಕೊಂಡಳು. ಅವಳ ಹಸಿರು ಸೀರೆಯ ಮೇಲೆ ಐದು ಬೆರಳ ಮಸಿ ಮೂಡಿತು. ಅಣ್ಣಯ್ಯ ಅಲ್ಲೇ ತೊಟ್ಟಿಯ ಚಕ್ರಕ್ಕೆ ಒರಗಿ ಕೂತು ಅತ್ತ.

ಮುಂದೆ ಅವ್ವನ ಕೋಣೆಯಲ್ಲಿ ಹೆಣ್ಣು ಮಗು ಹುಟ್ಟಿತು, ಊರು ಕೇಳುವಂತೆ ಅತ್ತಿತು. ಯುದ್ಧ ಬಂದು ಪೆಟ್ರೋಲ್ ಸಿಗದಾದಾಗ ಗಾಡಿ ಕೊಟ್ಟಿಗೆ ಸೇರಿತು. ಈಗ ಅಣ್ಣಯ್ಯ ಇಲ್ಲ, ಅಕ್ಕನೂ ಇಲ್ಲ. ಗಡಿಯ ಕಲ್ಲು ಇದೆಯೋ ಇಲ್ಲವೋ ನಾನು ಹೋಗಿ ನೋಡಿಲ್ಲ. ಆದರೆ ಆ ಹುಣಸೆಯ ನೆರಳಿನಲ್ಲಿ ನಾವು ಮೂವರೂ ಕೂತಿದ್ದ ಹೊತ್ತು ನನ್ನಲ್ಲಿ ಹಾಗೆಯೇ ಉಳಿದಿದೆ. ರೊಟ್ಟಿಯ ಗಂಟು ಬಿಚ್ಚಿದೆವು, ತಿಂದೆವು. ಒಳಗಿನ ಮಗು ಒದೆಯುವುದನ್ನು ನಿಲ್ಲಿಸಲೇ ಇಲ್ಲ. ಅಕ್ಕ ಪಕ್ಕೆ ಹಿಡಿದುಕೊಂಡು ನಗತೊಡಗಿದಳು.

"ಸುರು ಮಾಡೋ ನಿನ್ ಗಾಡೀನ," ಅಂದಳು. "ಆ ಸದ್ದಿಗೇ ಮಲಗಿದ್ದಿದ್ದು ಕಣೋ ಇದು. ಮಲಗ್ಲಿ ಮತ್ತೆ."